ಹೆಸರು ಬಂದ ಮೇಲೆ ಬೆಸ್ಟ್ ಫ್ರೆಂಡ್ ಮೇಲೆ ಪ್ರೀತಿ ಆಗಿದೆ. ಹೇಳಲಾ, ಬೇಡವಾ?

ಕೆಂಗೇರಿ_ಕಾಲ್‌ಶೀಟ್

ಹೆಸರು, ಧಾರಾವಾಹಿ, ವಾಹಿನಿ ಯಾವುದನ್ನೂ ಬರೆಯುವುದಿಲ್ಲ. ದಯವಿಟ್ಟು ಯಾರೂ ಊಹೆ ಮಾಡಲು ಹೋಗಬೇಡಿ.

ಒಂದು ಧಾರಾವಾಹಿಯಲ್ಲಿ ನಾಯಕಿ ಪಾತ್ರ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಮೈಸೂರಿನಲ್ಲಿ ಒಂದು ಹವ್ಯಾಸಿ ನಾಟಕ ತಂಡದಲ್ಲಿದ್ದೆ. ಅಲ್ಲಿ ಲೈಟಿಂಗ್ ಮಾಡುತ್ತಿದ್ದ ಹುಡುಗ ನನ್ನ ಬೆಸ್ಟ್ ಫ್ರೆಂಡ್. ನಾನು ಬೆಂಗಳೂರಿಗೆ ಬಂದೆ, ಸ್ವಲ್ಪ ದಿನಕ್ಕೆ ಅವನೂ ಬಂದ. ಈಗಲೂ ನಾಟಕಗಳಿಗೇ ಬೆಳಕು ಮಾಡುತ್ತಾನೆ. ಹನುಮಂತನಗರದ ಕೆ.ಎಚ್. ಕಲಾಸೌಧ, ಜೆ.ಪಿ. ನಗರದ ರಂಗಶಂಕರ, ಎಲ್ಲಿ ಕೆಲಸ ಸಿಕ್ಕರೆ ಅಲ್ಲಿ. ದುಡ್ಡು ಕಡಿಮೆ. ಅದರ ಬಗ್ಗೆ ಅವನಿಗೆ ಬೇಜಾರಿಲ್ಲ.

ಧಾರಾವಾಹಿ ಹಿಟ್ ಆದ ಮೇಲೆ ನನ್ನ ಜೊತೆ ಮಾತಾಡುವವರ ದನಿಯೇ ಬದಲಾಯ್ತು. ನೆಂಟರದ್ದೂ ಬದಲಾಯ್ತು. ಅವನದ್ದು ಬದಲಾಗಲಿಲ್ಲ. ಎಪಿಸೋಡ್ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಹೇಳುತ್ತಾನೆ. "ಆ ಸೀನಲ್ಲಿ ನೀನು ಕಣ್ಣು ಜಾಸ್ತಿ ಅಗಲಿಸಿದೆ, ಕಣೇ. ಕ್ಲೋಸಪ್ ಇರುವಾಗ ಅಷ್ಟು ಬೇಡ" ಅನ್ನುತ್ತಾನೆ. ಸೆಟ್‌ನಲ್ಲಿ ಇದನ್ನು ನನಗೆ ಹೇಳುವವರು ಯಾರೂ ಇಲ್ಲ.

ಹೊರಗೆ ಹೋದಾಗ ಜನ ಫೋಟೊ ಕೇಳಿಕೊಂಡು ಬರುತ್ತಾರೆ. ಫೋನನ್ನು ಅವನ ಕೈಗೆ ಕೊಡುತ್ತಾರೆ. "ಅಣ್ಣಾ, ಒಂದು ತೆಗೆದುಕೊಡಿ." ಅವನು ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ನೋಡಿ, ನಮ್ಮೆಲ್ಲರನ್ನೂ ತಿರುಗಿಸಿ ನಿಲ್ಲಿಸಿ, ಎರಡು ಮೂರು ತೆಗೆದು ಕೊಡುತ್ತಾನೆ. ಯಾರ್ಯಾರದೋ ಫೋನುಗಳಲ್ಲಿ ಅವನು ತೆಗೆದ ನನ್ನ ಫೋಟೊಗಳಿವೆ. ಒಂದರಲ್ಲೂ ಅವನಿಲ್ಲ.

ಇತ್ತ ನನ್ನ ಮತ್ತು ನನ್ನ ಕೋ ಸ್ಟಾರ್ ಹೆಸರು ಸೇರಿಸಿ ಫ್ಯಾನ್ ಪೇಜ್‌ಗಳಿವೆ. ನಾವಿಬ್ಬರೂ ನಿಜವಾಗಿಯೂ ಮದುವೆ ಆಗಬೇಕು ಅಂತ ಹರಕೆ ಹೊತ್ತವರೂ ಇದ್ದಾರೆ. ಕೋ ಸ್ಟಾರ್ ಒಳ್ಳೆಯ ಮನುಷ್ಯ. ನಮ್ಮಿಬ್ಬರ ನಡುವೆ ಅಂಥದ್ದೇನೂ ಇಲ್ಲ. ಈ ನಡುವೆ ಗಾಂಧಿ ಬಜಾರ್‌ನಲ್ಲಿ ನಾನು, ಗೆಳೆಯ ಹೂವು ತೆಗೆದುಕೊಳ್ಳುತ್ತಿದ್ದಾಗ ಯಾರೋ ದೂರದಿಂದ ಫೋಟೊ ತೆಗೆದು ಹಾಕಿದರು. "ಯಾರಿವನು?" ಅಂತ ಕೆಳಗೆ ನೂರಾರು ಕಾಮೆಂಟ್. ಅವನ ಬಣ್ಣ, ಚಪ್ಪಲಿ, ಸ್ಕೂಟರ್ ಎಲ್ಲವನ್ನೂ ಆಡಿಕೊಂಡರು. ಅವನು ನಕ್ಕು ಸುಮ್ಮನಾದ. ಆದರೆ ಅವತ್ತಿನಿಂದ ಹೊರಗೆ ನನ್ನ ಪಕ್ಕದಲ್ಲಿ ನಡೆಯುವುದಿಲ್ಲ. ಎರಡು ಹೆಜ್ಜೆ ಹಿಂದೆ ಬರುತ್ತಾನೆ.

ಮೊನ್ನೆ ಹೇಳಿದ, ಒಂದು ತಂಡದ ಜೊತೆ ಊರೂರು ತಿರುಗಲು ಹೊರಟಿದ್ದೇನೆ, ನಾಲ್ಕು ತಿಂಗಳು ಇರುವುದಿಲ್ಲ ಅಂತ. "ಒಳ್ಳೆಯದಾಯ್ತು ಬಿಡೋ" ಅಂದೆ. ಮರುದಿನ ಶೂಟಿಂಗ್‌ನಲ್ಲಿ ಅಳುವ ಸೀನ್ ಇತ್ತು. ಗ್ಲಿಸರಿನ್ ಬೇಕಾಗಲಿಲ್ಲ.

ಹೇಳಬೇಕು ಅನಿಸುತ್ತಿದೆ. ಅವನು ಒಪ್ಪಿದರೆ ಅವನ ಬದುಕನ್ನು ಜನರ ಬಾಯಿಗೆ ಹಾಕಿದ ಹಾಗೆ. ಒಪ್ಪದಿದ್ದರೆ ಇರುವ ಒಬ್ಬ ಸ್ನೇಹಿತನನ್ನೂ ಕಳೆದುಕೊಂಡ ಹಾಗೆ. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ಹತ್ತಿರದಿಂದ ನೋಡಿದ್ದರೆ ಹೇಳಿ.

ಕಪ್ಪು_ಹಲಗೆ

ಮೇಡಂ, ನನ್ನ ಅಭಿಪ್ರಾಯ, ಈಗ ಹೇಳಬೇಡಿ. ತಿಂಗಳಲ್ಲಿ ಹೆಚ್ಚಿನ ದಿನ ಶೂಟಿಂಗ್, ರಾತ್ರಿ ಮನೆಗೆ ಬರುವಾಗ ಹತ್ತು ಗಂಟೆ. ಅವರು ಹೊರಟಿರುವುದು ಊರೂರಿಗೆ. ಪ್ರೀತಿ ಹೇಳಿಕೊಂಡ ಮೇಲೆ ಮೊದಲ ಕೆಲವು ತಿಂಗಳು ಒಬ್ಬರ ಪಕ್ಕ ಒಬ್ಬರು ಇರಬೇಕು. ಧಾರಾವಾಹಿ ಮುಗಿಯಲಿ. ಧಾರಾವಾಹಿಯ ಹೆಸರು ನಿಲ್ಲುವುದು ಇನ್ನೊಂದು ಧಾರಾವಾಹಿ ಬರುವವರೆಗೆ. ಸ್ನೇಹ ಹಾಗಲ್ಲ. ಅದನ್ನು ಈ ಗದ್ದಲದಲ್ಲಿ ಪಣಕ್ಕೆ ಇಡಬೇಡಿ.

ಸಂಪಿಗೆ_ರಸ್ತೆ

ಕಪ್ಪು ಹಲಗೆ ಅವರೇ, ಮುಗಿಯಲಿ ಅಂತ ಕಾಯುತ್ತಾ ಕೂತರೆ ಕೆಲವು ಧಾರಾವಾಹಿ ಸಾವಿರ ಸಂಚಿಕೆ ದಾಟುತ್ತವೆ.

ತಂಗಿ, ನಮ್ಮ ಕಣ್ಣ ಮುಂದೆಯೇ ಒಂದು ಜೋಡಿ ಇದೆ. ಯಶ್ ಮತ್ತು ರಾಧಿಕಾ ಪಂಡಿತ್. ನಾನು ಮಲ್ಲೇಶ್ವರದವಳು. ರಾಧಿಕಾ ನಮ್ಮ ಏರಿಯಾದ ಹುಡುಗಿ ಅಂತ ಆಗಿನಿಂದ ಒಂದು ಅಭಿಮಾನ. ಇಬ್ಬರೂ ಪರಿಚಯ ಆದದ್ದು ಧಾರಾವಾಹಿಯಲ್ಲಿ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ ನಂದಗೋಕುಲ. ನಮ್ಮಮ್ಮ ಅದನ್ನು ತಪ್ಪಿಸುತ್ತಿರಲಿಲ್ಲ. ಆಮೇಲೆ 2008ರಲ್ಲಿ ಮೊಗ್ಗಿನ ಮನಸು. ಆ ಸಿನಿಮಾಕ್ಕೆ ರಾಧಿಕಾಗೆ ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಆಗ ಇಬ್ಬರಲ್ಲಿ ದೊಡ್ಡ ಹೆಸರು ಅವಳದ್ದು. ಬಸ್ ಚಾಲಕರ ಮಗ, ಮೈಸೂರಿನಲ್ಲಿ ಬೆಳೆದು, ನಾಟಕ ತಂಡದಲ್ಲಿ ದುಡಿದು ಬಂದ ಹುಡುಗ ಇನ್ನೂ ಜಾಗ ಹುಡುಕುತ್ತಿದ್ದ.

ಇಬ್ಬರೂ ಮೊದಲು ಸ್ನೇಹಿತರಾಗಿದ್ದೆವು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ವರ್ಷಗಟ್ಟಲೆ ಗಾಸಿಪ್ ಬಂತು. ಅದರ ನಡುವೆಯೇ 2012ರಲ್ಲಿ ಡ್ರಾಮಾ, 2014ರಲ್ಲಿ ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ ಮಾಡಿದರು. ತಮ್ಮ ವಿಷಯ ಹೇಳಬೇಕಾದ ದಿನವನ್ನು ಅವರೇ ಆರಿಸಿಕೊಂಡರು. 2016ರ ಆಗಸ್ಟ್‌ನಲ್ಲಿ ಗೋವಾದಲ್ಲಿ ನಿಶ್ಚಿತಾರ್ಥ, ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮದುವೆ. ಆರತಕ್ಷತೆಗೆ ಅಭಿಮಾನಿಗಳನ್ನೂ ಅರಮನೆ ಮೈದಾನಕ್ಕೆ ಕರೆದರು.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಇನ್ನೊಂದು ವಿಷಯ. 2018ರ ಡಿಸೆಂಬರ್ 2ಕ್ಕೆ ಮಗಳು ಹುಟ್ಟಿದಳು. ಅದೇ ತಿಂಗಳ 21ಕ್ಕೆ ಕೆಜಿಎಫ್ ಬಿಡುಗಡೆ. ಅಲ್ಲಿಂದ ಅವನ ಹೆಸರು ದೇಶಕ್ಕೆಲ್ಲ ಹಬ್ಬಿತು. ಶುರುವಿನಲ್ಲಿ ಅವಳು ಮುಂದೆ, ಆಮೇಲೆ ಅವನು ಮುಂದೆ. ಹೆಸರು ಅತ್ತಿಂದಿತ್ತ ಹೋಗುತ್ತದೆ, ಕಣಮ್ಮ. ಇವತ್ತು ನಿನ್ನ ಹತ್ತಿರ ಇದೆ ಅಂತ ಅದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ತೀರ್ಮಾನ ಮಾಡಬೇಡ.

ಎಡಿಟ್_ಟೇಬಲ್

ಒಂದು ವಾಹಿನಿಯ ಪ್ರೋಮೊ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮದೇ ವಾಹಿನಿ ಇರಬಹುದು, ಇಲ್ಲದೆಯೂ ಇರಬಹುದು. ಯಶ್ ರಾಧಿಕಾ ಕತೆ ನಿಮಗೆ ಪೂರ್ತಿ ಹೊಂದುವುದಿಲ್ಲ. ತೆರೆಯ ಮೇಲಿನ ಜೋಡಿಯೇ ಮನೆಯ ಜೋಡಿ ಆದರೆ ಜನಕ್ಕೆ ಹಬ್ಬ. ನಿಮ್ಮ ವಿಷಯದಲ್ಲಿ ಜನ ಒಪ್ಪಿಕೊಂಡ ಜೋಡಿ ಬೇರೆ, ನೀವು ಒಪ್ಪಿಕೊಂಡಿರುವ ಮನುಷ್ಯ ಬೇರೆ. ಕಷ್ಟ ಇರುವುದು ಅಲ್ಲೇ.

ನಮ್ಮ ಕಡೆಯಿಂದ ಅದು ಹೇಗೆ ನಡೆಯುತ್ತದೆ ಹೇಳುತ್ತೇನೆ. ಗುರುವಾರ ಟಿಆರ್‌ಪಿ ಬರುತ್ತದೆ. ನಾಯಕ ನಾಯಕಿ ಹತ್ತಿರ ಬಂದ ವಾರ ಅಂಕಿ ಏರಿದರೆ ಮುಂದಿನ ವಾರಕ್ಕೆ ಅಂಥ ಸೀನ್ ಇನ್ನೊಂದು ಬರೆಸುತ್ತಾರೆ. ಅದಕ್ಕೆ ಪ್ರೋಮೊ, ರೀಲ್ಸ್, ಮಹಾಸಂಚಿಕೆ. ವಾಹಿನಿಯ ಅವಾರ್ಡ್ ಕಾರ್ಯಕ್ರಮದಲ್ಲಿ ಜನಮೆಚ್ಚಿದ ಜೋಡಿ ಅಂತ ಒಂದು ಪ್ರಶಸ್ತಿ ಇದ್ದೇ ಇರುತ್ತದೆ. ವೇದಿಕೆಯಲ್ಲಿ ನಿರೂಪಕರು ಇಬ್ಬರನ್ನೂ ಕಾಲೆಳೆಯುತ್ತಾರೆ, ಕ್ಯಾಮೆರಾ ನಿಮ್ಮ ಅಮ್ಮನ ಮುಖಕ್ಕೆ ಹೋಗುತ್ತದೆ. ಮನೆಯಲ್ಲಿ ನೋಡುವವರಿಗೆ ಅದು ನಿಶ್ಚಿತಾರ್ಥದ ಹಾಗೆ ಕಾಣುತ್ತದೆ. ಮೋಸ ಮಾಡಬೇಕು ಅಂತ ಯಾರೂ ಮಾಡುವುದಲ್ಲ. ಕೆಲಸ ಅದು. ಆದರೆ ಅದರ ಭಾರ ಬೀಳುವುದು ನಿಮ್ಮ ಸ್ಕೂಟರ್ ಗೆಳೆಯನ ಮೇಲೆ.

ವಾಹಿನಿಗೆ ನೀವು ಯಾರನ್ನು ಪ್ರೀತಿಸುತ್ತೀರಿ ಅನ್ನುವುದು ಮುಖ್ಯ ಅಲ್ಲ. ಬೆಳಿಗ್ಗೆ ಎದ್ದು ಫೋನಲ್ಲಿ ನೋಡಿ ಗೊತ್ತಾಗುವುದನ್ನು ಅವರು ಸಹಿಸುವುದಿಲ್ಲ. ಹಾಗಾಗಿ ಮೊದಲು ಅವರಿಗೆ ಹೇಳಿ ಅಂತ ಯಾರಾದರೂ ಸಲಹೆ ಕೊಡಬಹುದು. ಕೇಳಬೇಡಿ. ಮೊದಲು ಗೆಳೆಯನಿಗೆ ಹೇಳಿ. ನಿಮ್ಮಿಬ್ಬರಲ್ಲಿ ಏನಾದರೂ ತೀರ್ಮಾನ ಆದ ಮೇಲೆ, ಬೇಕು ಅನಿಸಿದರೆ, ಪ್ರೊಡಕ್ಷನ್‌ನಲ್ಲಿ ನಂಬಿಕೆ ಇರುವ ಒಬ್ಬರಿಗೆ. ಮೇಕಪ್ ರೂಮಲ್ಲಿ ಮಾತ್ರ ಬೇಡ. ಅಲ್ಲಿ ಹೇಳಿದ್ದು ಲಂಚ್ ಬ್ರೇಕ್‌ಗೆ ಡ್ರೈವರ್‌ಗಳಿಗೆ ಗೊತ್ತಿರುತ್ತದೆ.

ಜೋಡಿ_ಪೇಜ್_ಅಡ್ಮಿನ್

ನಾನು ಒಂದು ಧಾರಾವಾಹಿ ಜೋಡಿಯ ಪೇಜ್ ನಡೆಸುತ್ತೇನೆ. ಅಕ್ಕಾ, ನಮ್ಮನ್ನೆಲ್ಲ ಒಂದೇ ತರ ನೋಡಬೇಡಿ. ನಾನು ಎಡಿಟ್ ಮಾಡುವುದು ರಾತ್ರಿ, ಹಾಸ್ಟೆಲ್‌ನಲ್ಲಿ, ಎಲ್ಲರೂ ಮಲಗಿದ ಮೇಲೆ. ನರ್ಸಿಂಗ್ ಓದು ತುಂಬಾ ಕಷ್ಟ, ಮನೆ ದೂರ. ಆ ಎರಡು ನಿಮಿಷದ ವಿಡಿಯೊದಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ರೀತಿ ಇದೆಯಲ್ಲ, ಅದು ನನಗೆ ಸಮಾಧಾನ. ಪಾತ್ರಗಳು ಜೊತೆಗಿದ್ದರೆ ನನಗೆ ಸಾಕು. ಬೈಯುವ ಪೇಜ್‌ಗಳು ಬೇರೆ, ಅವು ಸ್ವಲ್ಪವೇ ಇವೆ, ಸದ್ದು ಜಾಸ್ತಿ.

ನಿಮ್ಮ ಗೆಳೆಯನ ಫೋಟೊ ನನ್ನ ಪೇಜ್‌ಗೂ ಯಾರಾದರೂ ಕಳಿಸಿರಬಹುದು. ಯಾರ ಸ್ವಂತ ಬದುಕಿನ ಫೋಟೊ ಬಂದರೂ ನಾನು ಹಾಕುವುದಿಲ್ಲ. ನಮ್ಮಂಥವರು ಎಷ್ಟೋ ಜನ ಇದ್ದೇವೆ. ನೀವು ಖುಷಿಯಾಗಿದ್ದರೆ ನಮಗೂ ಖುಷಿಯೇ.

ಒಂಟಾರಿಯೊ_ಚಳಿ

ಕೆನಡಾದಲ್ಲಿ ನೆಲೆಸಿರುವ ದಾವಣಗೆರೆಯವಳು. ಇಲ್ಲಿ ಇಡೀ ದೇಶವೇ ಒಂದು ಜೋಡಿಗೆ ಮದುವೆ ಮಾಡಿಸಲು ನಿಂತಿತ್ತು. ಐಸ್ ಡ್ಯಾನ್ಸ್ ಮಾಡುತ್ತಿದ್ದ ಟೆಸ್ಸಾ ವರ್ಚ್ಯೂ, ಸ್ಕಾಟ್ ಮೊಯಿರ್. ಇದೇ ಒಂಟಾರಿಯೊದವರು. 1997ರಲ್ಲಿ, ಇಬ್ಬರೂ ಇನ್ನೂ ಚಿಕ್ಕ ಮಕ್ಕಳಾಗಿದ್ದಾಗ, ಸ್ಕಾಟ್‌ನ ಸಂಬಂಧಿಯೊಬ್ಬರು ಇವರನ್ನು ಜೋಡಿ ಮಾಡಿ ಸ್ಕೇಟಿಂಗ್‌ಗೆ ಬಿಟ್ಟರು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 2014ರ ಸೋಚಿಯಲ್ಲಿ ಬೆಳ್ಳಿ, 2018ರ ಪ್ಯೊಂಗ್‌ಚಾಂಗ್‌ನಲ್ಲಿ ಮತ್ತೆ ಚಿನ್ನ. ಆ 2018ರ ಡ್ಯಾನ್ಸ್ ನೋಡಿದರೆ ಇವರಿಬ್ಬರ ನಡುವೆ ಏನೂ ಇಲ್ಲ ಅಂತ ನಂಬಲು ನಿಮಗೂ ಆಗುವುದಿಲ್ಲ. ಸಂದರ್ಶನ ಎಲ್ಲೇ ಇರಲಿ, ಅದೇ ಪ್ರಶ್ನೆ. ಅವರು ಪ್ರತಿ ಸಲವೂ ನಾವು ಗೆಳೆಯರು, ಜೊತೆ ಕೆಲಸ ಮಾಡುವವರು ಅಂದರು. ಇಬ್ಬರ ಬದುಕೂ ಬೇರೆ ಬೇರೆ ಸಂಗಾತಿಯ ಜೊತೆ ನಡೆಯಿತು. ಜನ ಸ್ವಲ್ಪ ದಿನ ಮುನಿಸಿಕೊಂಡರು. ಆಮೇಲೂ ಅವರ ಐಸ್ ಷೋಗಳಿಗೆ ಅದೇ ಜನ ಬಂದರು.

ನಿಮ್ಮ ಕೋ ಸ್ಟಾರ್ ವಿಷಯಕ್ಕೆ ಇದನ್ನು ಹೇಳಿದೆ. ಅವರನ್ನು ಮರೆಯಬೇಡಿ. ನಾಳೆ ವಿಷಯ ಹೊರಗೆ ಬಂದರೆ ಜನ ಅವರ ಕಡೆಗೂ ಮೈಕ್ ಹಿಡಿಯುತ್ತಾರೆ. ಮುಂಚೆಯೇ ಅವರ ಕಿವಿಗೆ ಹಾಕುವುದು ಮರ್ಯಾದೆ.

ಶಟಲ್_ಕೋರ್ಟ್

ನನ್ನ ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ, ಹಾಗಾಗಿ ನನಗೆ ನೆನಪಾದದ್ದು ಸೈನಾ ನೆಹ್ವಾಲ್ ಮತ್ತು ಪರುಪಳ್ಳಿ ಕಶ್ಯಪ್. ಇಬ್ಬರೂ ಹೈದರಾಬಾದ್‌ನಲ್ಲಿ ಕೋಚ್ ಗೋಪಿಚಂದ್ ಅವರ ಬಳಿ ಒಟ್ಟಿಗೆ ಆಡಿ ಬೆಳೆದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೈನಾಗೆ ಕಂಚು. ಅದೇ ಒಲಿಂಪಿಕ್ಸ್‌ನಲ್ಲಿ ಕಶ್ಯಪ್ ಕ್ವಾರ್ಟರ್ ಫೈನಲ್ ತಲುಪಿದರು. ಭಾರತದ ಪುರುಷರಲ್ಲಿ ಅದು ಮೊದಲು. ಆದರೆ ಆ ವರ್ಷ ಮೆರವಣಿಗೆ, ಜಾಹೀರಾತು, ಮುಖಪುಟ ಎಲ್ಲ ಸೈನಾಗೆ. 2014ರಲ್ಲಿ ಅವನು ಗ್ಲಾಸ್ಗೋ ಕಾಮನ್‌ವೆಲ್ತ್ ಚಿನ್ನ ಗೆದ್ದ. ಅದೇ ವರ್ಷ ಅವಳು ಹೈದರಾಬಾದ್ ಬಿಟ್ಟು ನಮ್ಮ ಬೆಂಗಳೂರಿಗೆ, ಪ್ರಕಾಶ್ ಪಡುಕೋಣೆ ಅಕಾಡೆಮಿಗೆ, ಕೋಚ್ ವಿಮಲ್ ಕುಮಾರ್ ಅವರ ಹತ್ತಿರ ಬಂದಳು. ಮರು ವರ್ಷ ವಿಶ್ವದ ನಂಬರ್ ಒನ್ ಆದಳು. 2018ರ ಡಿಸೆಂಬರ್‌ನಲ್ಲಿ ಮದುವೆ. ಆಮೇಲೆ ಕೋರ್ಟ್ ಪಕ್ಕದ ಕುರ್ಚಿಯಲ್ಲಿ ಕೂತು ಅವಳಿಗೆ ಕೋಚ್ ಆದದ್ದೂ ಅವನೇ.

2025ರ ಜುಲೈನಲ್ಲಿ ದೂರ ಆಗುತ್ತಿದ್ದೇವೆ ಅಂದರು. ಕೆಲವೇ ವಾರಗಳಲ್ಲಿ ಮತ್ತೆ ಪ್ರಯತ್ನ ಮಾಡುತ್ತೇವೆ ಅಂದರು. ನನಗೆ ಅದನ್ನು ಓದಿ ಅವರ ಮೇಲೆ ಗೌರವ ಜಾಸ್ತಿಯಾಯಿತು. ಮನೆಯ ಒಳಗಿನ ಏರಿಳಿತವನ್ನು ಲಕ್ಷಾಂತರ ಜನರ ಮುಂದೆ ಹೇಳಬೇಕಾದ ಸ್ಥಿತಿ ಎಷ್ಟು ಕಷ್ಟ. ಬೇರೆ ಗಂಡ ಹೆಂಡತಿ ಆಗಿದ್ದರೆ ಒಂದು ತಿಂಗಳು ತವರಿಗೆ ಹೋಗಿ ಬಂದಿದ್ದಾಳೆ ಅಂತ ಮುಗಿಯುತ್ತಿತ್ತು.

ಸ್ನೇಹದಿಂದ ಬಂದ ಪ್ರೀತಿ ಅಂದರೆ ಮುರಿಯುವುದೇ ಇಲ್ಲ ಅಂತ ಅಂದುಕೊಳ್ಳಬೇಡಮ್ಮ. ಅದಕ್ಕೂ ದುಡಿಮೆ ಬೇಕು. ಮುರಿದರೂ ಜೋಡಿಸಿಕೊಳ್ಳಲು ಹಳೆಯ ಪರಿಚಯ ಒಂದು ಆಸರೆ, ಅಷ್ಟು ಹೇಳಬಲ್ಲೆ.

ಕೆಂಗೇರಿ_ಕಾಲ್‌ಶೀಟ್

ಎಲ್ಲರಿಗೂ ಧನ್ಯವಾದ. ಅಡ್ಮಿನ್ ತಂಗಿ, ನಿನ್ನ ಮಾತು ಓದಿ ಮನಸ್ಸು ಹಗುರ ಆಯ್ತು. ಚೆನ್ನಾಗಿ ಓದು.

ಎಲ್ಲರೂ ಹೇಳಿದ ಉದಾಹರಣೆಗಳಲ್ಲಿ ಇಬ್ಬರಿಗೂ ಒಂದಲ್ಲ ಒಂದು ಹೆಸರಿದೆ. ನನ್ನವನಿಗೆ ಇಲ್ಲ. ಅವನಿಗೆ ಬೇಕಾಗಿಯೂ ಇಲ್ಲ. ನಾಟಕ ಮುಗಿದು ಎಲ್ಲರೂ ನಮಸ್ಕಾರ ಮಾಡುವಾಗ ಅವನನ್ನು ವೇದಿಕೆಗೆ ಕರೆದರೆ ಬರುವುದೇ ಇಲ್ಲ, ಲೈಟ್ ಬೋರ್ಡ್ ಹಿಂದೆಯೇ ಕೈ ಎತ್ತಿ ಸುಮ್ಮನಾಗುತ್ತಾನೆ. ನನ್ನ ಭಯ ಇದು. ಅವನು ಕತ್ತಲೆಯಲ್ಲಿ ಕೂತು ಖುಷಿಯಾಗಿರುವವನು.

ಬೈಂದೂರು_ಜಗಲಿ

ನಿಮ್ಮ ಈ ಎರಡನೆಯ ಮಾತು ಓದಿ ಬರೆಯಬೇಕು ಅನಿಸಿತು. ನಾನು ಆ ಕಡೆಯವಳು. ಹೆಸರಿಲ್ಲದ ಕಡೆಯವಳು.

ನನ್ನ ಗಂಡ ಯಕ್ಷಗಾನದ ಭಾಗವತರು, ಅಂದರೆ ಪದ್ಯ ಹಾಡುವವರು. ಕುಂದಾಪುರದಲ್ಲಿ ಒಟ್ಟಿಗೆ ಕಾಲೇಜು ಓದಿದವರು ನಾವು. ಆಗ ಅವರು ಕ್ಯಾಂಟೀನ್ ಮೇಜು ಬಡಿದು ಹಾಡುತ್ತಿದ್ದ ಹುಡುಗ. ನನ್ನ ನೋಟ್ಸ್ ತೆಗೆದುಕೊಂಡು ಹೋಗಿ ವಾಪಸ್ ಕೊಡುತ್ತಿರಲಿಲ್ಲ. ಆಮೇಲೆ ಮೇಳ ಸೇರಿದರು, ಹೆಸರು ಬಂತು. ಯಕ್ಷಗಾನದ ಹೆಸರು ಏನು ಅಂತ ಬೆಂಗಳೂರಿನವರಿಗೆ ಗೊತ್ತಾಗದೆ ಇರಬಹುದು. ನಮ್ಮ ಕಡೆ ಭಾಗವತರ ಒಂದು ಪದ್ಯವನ್ನು ಜನ ಫೋನಲ್ಲಿ ರೆಕಾರ್ಡ್ ಮಾಡಿ ಬೆಳಗಾಗುವುದರೊಳಗೆ ಮುಂಬೈ, ದುಬೈಗೆ ಕಳಿಸಿರುತ್ತಾರೆ. ಅಭಿಮಾನಿ ಬಳಗ ಇದೆ. ಸನ್ಮಾನದ ಶಾಲುಗಳಿಗೆ ಮನೆಯಲ್ಲಿ ಒಂದು ಬೀರು ಇದೆ.

ಅವರಿಗೆ ಹೆಸರು ಬಂದ ಮೇಲೆಯೇ ನಮ್ಮ ಸ್ನೇಹ ಬೇರೆ ಆದದ್ದು. ಅವರು ನನ್ನ ಹತ್ತಿರ ಮದುವೆಯ ಮಾತು ಎತ್ತಿದಾಗ ನನಗೆ ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಪ್ರೀತಿ ಇತ್ತು. ಆದರೆ ಇಷ್ಟು ದೊಡ್ಡ ಹೆಸರಿನವರು ತಾವಾಗಿ ಕೇಳುತ್ತಿದ್ದಾರೆ, ಬೇಡ ಅಂದರೆ ಊರೇ ಏನಂದೀತು ಅಂತ ಒಂದು ಹೆದರಿಕೆ. ಅವರಿಗೆ ಅದು ಗೊತ್ತಾಯಿತು. ಅವರು ಹೇಳಿದ್ದು ಇಷ್ಟೇ. "ನೀನು ಬೇಡ ಅಂದರೆ ನಾನು ಯಾರಿಗೂ ಹೇಳುವುದಿಲ್ಲ. ಮುಂದಿನ ಸಲ ಸಿಕ್ಕಾಗ ಮೊದಲಿನ ಹಾಗೇ ಮಾತಾಡುವ. ಇದನ್ನು ನಡೆಸಿಕೊಡುವ ಜವಾಬ್ದಾರಿ ನನ್ನದು, ನಿನ್ನದಲ್ಲ." ಆಮೇಲೆ ಮೇಳದ ಜೊತೆ ಹೊರಟರು. ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮುಂಚೆ ಆ ವರ್ಷದ ತಿರುಗಾಟ ನಿಲ್ಲುವ ದಿನ, ಮುಗಿದು ಮೇಳ ಒಳಗಾಗುವವರೆಗೆ ಒಂದು ಸಲವೂ ಆ ಮಾತು ಎತ್ತಲಿಲ್ಲ. ನಾನೇ ಫೋನು ಮಾಡಿ ಒಪ್ಪಿಕೊಂಡೆ.

ಹಾಗಾಗಿ ನಿಮಗೆ ನನ್ನ ಮಾತು ಇದು. ಹೇಳಿ. ಖಂಡಿತ ಹೇಳಿ. ಹೇಳುವಾಗ ಬೇಡ ಅನ್ನುವ ದಾರಿಯನ್ನೂ ಅವರ ಕೈಯಲ್ಲಿ ಇಡಿ. ಹೆಸರಿರುವವರು ಕೇಳಿದಾಗ ಹೆಸರಿಲ್ಲದವರಿಗೆ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಕೇಳುವವರಿಗೆ ತಿಳಿಯುವುದಿಲ್ಲ. ಅವರು ಎರಡು ಹೆಜ್ಜೆ ಹಿಂದೆ ನಡೆಯುವುದು ನಾಚಿಕೆಗೆ ಅಂತ ನೀವು ತಿಳಿದಿದ್ದರೆ, ಇರಬಹುದು. ನಿಮ್ಮನ್ನು ಕಾಪಾಡಲಿಕ್ಕೂ ಇರಬಹುದು. ಕೇಳಿ ನೋಡಿ.

ಇನ್ನೊಂದು. ಒಪ್ಪಿದರೆ, ಯಾವುದು ಜನರಿಗೆ, ಯಾವುದು ನಿಮಗೆ ಅಂತ ಮೊದಲ ವಾರದಲ್ಲೇ ಮಾತಾಡಿಕೊಳ್ಳಿ. ನಮ್ಮದು ಹೀಗಿದೆ. ನಾನು ಚೌಕಿಗೆ, ಅಂದರೆ ವೇಷ ಹಾಕುವ ಜಾಗಕ್ಕೆ, ಹೋಗುವುದಿಲ್ಲ. ಅಭಿಮಾನಿಗಳು ಮನೆಯ ಜಗಲಿಯವರೆಗೆ ಬರಬಹುದು, ಚಹಾ ಕೊಡುತ್ತೇನೆ, ಫೋಟೊ ಅಲ್ಲಿ ಬೇಡ. ಮಕ್ಕಳ ಫೋಟೊ ಎಲ್ಲೂ ಬೇಡ. ಮೊದಮೊದಲು ಕೆಲವರು ಬೇಸರ ಮಾಡಿಕೊಂಡರು. ಈಗ ಅವರೇ ಹೊಸಬರಿಗೆ ಹೇಳುತ್ತಾರೆ.

ಕಪ್ಪು_ಹಲಗೆ

ಬೈಂದೂರಿನ ಅಕ್ಕ, ನೀವು ಬರೆದದ್ದು ಓದಿದ ಮೇಲೂ ಕಾಯಬೇಕು ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಹೇಳುವುದಾದರೆ ಹೀಗೇ ಹೇಳಬೇಕು, ಒಪ್ಪುತ್ತೇನೆ.

ಕೋಟು_ಕಡತ

ವಕೀಲ ನಾನು. ಎರಡು ಮಾತು. ಒಂದು, ನಿಮ್ಮ ಒಪ್ಪಂದವನ್ನು ತೆಗೆದು ಓದಿ. ಪ್ರಚಾರ ಕಾರ್ಯಕ್ರಮಗಳಿಗೆ ಬರಬೇಕು, ಇನ್ನೊಂದು ವಾಹಿನಿಯಲ್ಲಿ ಕಾಣಿಸಿಕೊಳ್ಳಬಾರದು, ಇಂಥ ಷರತ್ತುಗಳು ಸಾಮಾನ್ಯ. ಪ್ರಚಾರಕ್ಕೆ ಬರುವುದು ಬೇರೆ, ನಿಮ್ಮ ಮನೆಯ ವಿಷಯವನ್ನು ಪ್ರಚಾರಕ್ಕೆ ಕೊಡುವುದು ಬೇರೆ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಆ ಗೆರೆಯನ್ನು ಬರವಣಿಗೆಯಲ್ಲೇ ಹಾಕಿಸಿಕೊಳ್ಳಿ.

ಎರಡು, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಇದೆ ಅಂತ ಕಾಮೆಂಟ್ ಹಾಕುವವರು ನಿಲ್ಲಿಸುವುದಿಲ್ಲ, ನಿಜ. ಆದರೆ ಬೆದರಿಕೆ, ತಿದ್ದಿದ ಫೋಟೊ, ಮನೆ ವಿಳಾಸ ಹಾಕುವುದು, ಇವು ಆದರೆ ಸ್ಕ್ರೀನ್‌ಶಾಟ್ ತೆಗೆದು ದಿನಾಂಕದ ಸಮೇತ ಇಟ್ಟುಕೊಳ್ಳಿ. ಸೈಬರ್ ಠಾಣೆಗೆ ಹೋಗಲು ನೀವು ಸ್ಟಾರ್ ಆಗಿರಬೇಕಿಲ್ಲ, ನಿಮ್ಮ ಗೆಳೆಯನೂ ದೂರು ಕೊಡಬಹುದು.

ಪರದೆ_ಹಿಂದೆ

ನಾಟಕದವನು ನಾನೂ. ನಿಮ್ಮ ಗೆಳೆಯ ಬೆಳಕು ಮಾಡುವ ರಂಗಶಂಕರ ಇದೆಯಲ್ಲ, ಅದರ ಹಿಂದೆಯೂ ಇಂಥದ್ದೇ ಒಂದು ಸಂಬಂಧ ಇದೆ. ಶಂಕರ್ ನಾಗ್ ಮತ್ತು ಅರುಂಧತಿ ನಾಗ್ ಪರಿಚಯ ಆದದ್ದು ಮುಂಬೈ ರಂಗಭೂಮಿಯಲ್ಲಿ, ಇಬ್ಬರೂ ಇನ್ನೂ ಚಿಕ್ಕವರಾಗಿದ್ದಾಗ. ಆಮೇಲೆ ಅವರು ಇಡೀ ಕರ್ನಾಟಕದ ಶಂಕರಣ್ಣ ಆದರು. ಸಿನಿಮಾ ಎಷ್ಟೇ ಇದ್ದರೂ ಇಬ್ಬರೂ ಸೇರಿ ಸಂಕೇತ್ ತಂಡದಲ್ಲಿ ನಾಟಕ ಮಾಡುವುದನ್ನು ಬಿಡಲಿಲ್ಲ. 1990ರ ಸೆಪ್ಟೆಂಬರ್ 30ಕ್ಕೆ ಶಂಕರ್ ಹೋದರು. 2004ರಲ್ಲಿ ಅರುಂಧತಿ ರಂಗಶಂಕರದ ಬಾಗಿಲು ತೆರೆದರು. ನಾನು ಅಲ್ಲಿ ಹೋದಾಗೆಲ್ಲ ಅಂದುಕೊಳ್ಳುತ್ತೇನೆ, ಅವರಿಬ್ಬರನ್ನು ಹಿಡಿದಿಟ್ಟದ್ದು ಜೊತೆಯಾಗಿ ಮಾಡಿದ ಕೆಲಸ. ನೀವು ನಾಟಕ ಬಿಟ್ಟಿರಾ? ವರ್ಷಕ್ಕೆ ಒಂದಾದರೂ ಮಾಡಿ, ಅವರ ಬೆಳಕಿನಲ್ಲಿ.

ಕೆಂಗೇರಿ_ಕಾಲ್‌ಶೀಟ್

ಹೇಳಿದೆ.

ಒಂದು ನಾಟಕದ ತಾಲೀಮು ಮುಗಿದಿತ್ತು. ಎಲ್ಲರೂ ಹೋಗಿದ್ದರು. ಅವನು ಕೇಬಲ್ ಸುತ್ತುತ್ತಿದ್ದ. ಮೊಣಕೈಗೆ ಸುತ್ತಬಾರದು, ಒಳಗಿನ ತಂತಿ ಮುರಿಯುತ್ತದೆ ಅಂತ ಮೈಸೂರಿನಲ್ಲೇ ಬೈದು ಕಲಿಸಿದ್ದ, ನಾನೂ ಒಂದು ಕೇಬಲ್ ತೆಗೆದುಕೊಂಡು ಉಂಗುರ ಮಾಡುತ್ತಾ ಕೂತೆ. ಹೇಳಿಬಿಟ್ಟೆ. ಬೈಂದೂರಿನ ಅಕ್ಕ ಹೇಳಿದ ಹಾಗೆ, ಬೇಡ ಅಂದರೆ ನಾಳೆಯೂ ನನ್ನ ಎಪಿಸೋಡ್‌ನ ತಪ್ಪು ಹೇಳುವ ಹಕ್ಕು ನಿನಗೆ ಇರುತ್ತದೆ, ಅದನ್ನು ಸರಿಯಾಗಿ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಅಂತಲೂ ಹೇಳಿದೆ.

ಅವನು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಇದು ಇನ್ನು ಯಾರಿಗೆ ಗೊತ್ತು?" ಹೆಸರು ಹಾಕದೆ ಇಲ್ಲಿ ಬರೆದಿದ್ದೇನೆ ಅಂದೆ. ತೋರಿಸು ಅಂದ. ಫೋನು ಕೊಟ್ಟೆ. ಅಲ್ಲೇ ಕೂತು ನಿಮ್ಮೆಲ್ಲರ ಮಾತನ್ನೂ ಒಂದೂ ಬಿಡದೆ ಓದಿದ.

ಎರಡು ಹೆಜ್ಜೆ ಹಿಂದೆ ನಡೆಯುವುದು ಯಾಕೆ ಅಂತ ಕೇಳಿದೆ. "ನನ್ನಿಂದ ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು ಅಂತ" ಅಂದ. ಅವನಿಗೂ ಮನಸ್ಸಿದೆಯಂತೆ. ಮೈಸೂರಿನಿಂದಲೇ ಇದೆಯಂತೆ. ಆದರೂ ಹೂಂ ಅಂತ ಹೇಳಲಿಲ್ಲ. ತಿರುಗಾಟ ಮುಗಿಸಿ ಬಂದು ಹೇಳುತ್ತೇನೆ, ಅಷ್ಟರವರೆಗೆ ಇಬ್ಬರೂ ಯೋಚನೆ ಮಾಡೋಣ ಅಂದ. ಅವಾರ್ಡ್ ಕಾರ್ಯಕ್ರಮಕ್ಕೆ ಯಾವತ್ತೂ ಬರುವುದಿಲ್ಲ ಅಂತ ಈಗಲೇ ಹೇಳಿಬಿಟ್ಟ. ಒಪ್ಪಿಕೊಂಡೆ. ಕೋ ಸ್ಟಾರ್‌ಗೂ ಹೇಳಿದೆ, ಬರೀ ನನ್ನ ಮನಸ್ಸಿನ ಮಾತು ಅಂತ. ಅವರು, "ಸದ್ಯ, ನನ್ನ ಹುಡುಗಿಗೂ ಆ ಪೇಜ್‌ಗಳನ್ನು ನೋಡಿ ದಿನಾ ಜಗಳ" ಅಂದರು. ಅವರಿಗೊಬ್ಬಳು ಇದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಬೈಂದೂರಿನ ಅಕ್ಕ, ಅವನದ್ದೊಂದು ಪ್ರಶ್ನೆ ಇದೆ ನಿಮಗೆ. ಅವನೇ ಹೇಳಿ ಬರೆಸಿದ್ದು. "ಎಲ್ಲರೂ ನಿಮ್ಮನ್ನು ಭಾಗವತರ ಹೆಂಡತಿ ಅನ್ನುವಾಗ ನೀವು ನೀವಾಗಿ ಉಳಿದದ್ದು ಹೇಗೆ?"

ಬೈಂದೂರು_ಜಗಲಿ

ತಮ್ಮಾ, ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕೌಂಟರಿನಲ್ಲಿ ಪಾಸ್‌ಬುಕ್ ಕೊಡುತ್ತಾ ಜನ ಕೇಳುವುದು ನಿನ್ನೆಯ ಯಕ್ಷಗಾನ ಆಟದ ಪದ್ಯದ ಬಗ್ಗೆ. ಮದುವೆಯಾದ ಹೊಸತರಲ್ಲಿ ಇದು ಖುಷಿ, ಆಮೇಲೆ ಉಸಿರು ಕಟ್ಟಿದ ಹಾಗೆ. ಒಂದು ಸಲ ನನಗೆ ಬಡ್ತಿಯ ಜೊತೆ ವರ್ಗಾವಣೆ ಬಂತು. ಹೋದರೆ ಮನೆ ನೋಡಿಕೊಳ್ಳುವವರು ಯಾರು, ಬಂದ ಅಭಿಮಾನಿಗಳನ್ನು ಮಾತಾಡಿಸುವವರು ಯಾರು ಅಂತ ನೆಂಟರೆಲ್ಲ ಕೂತು ಪಂಚಾಯ್ತಿ ಮಾಡಿದರು. ಬೇಡ ಅಂತಲೇ ಅವರ ತೀರ್ಮಾನ. ನಾನು ಹೋದೆ. ಮೂರು ವರ್ಷ ವಾರಕ್ಕೊಮ್ಮೆ ಬಸ್ಸಲ್ಲಿ ಓಡಾಡಿದೆ. ನನ್ನ ಗಂಡ ಮಳೆಗಾಲದಲ್ಲಿ ಆಟ ಇಲ್ಲದಾಗ ನನ್ನ ಬಾಡಿಗೆ ಮನೆಗೆ ಬಂದು ಇರುತ್ತಿದ್ದರು. ಅಲ್ಲಿ ಅಕ್ಕಪಕ್ಕದವರು ಅವರನ್ನು ಬ್ಯಾಂಕ್ ಮೇಡಂ ಯಜಮಾನರು ಅಂತ ಕರೆದರು. ಅವರಿಗೆ ಅದು ಎಷ್ಟು ಹಿಡಿಸಿತು ಅಂದರೆ ಹಾಲಿನವನ ಹತ್ತಿರವೂ ಹಾಗೇ ಹೇಳಿಕೊಂಡರು.

ನಿಮ್ಮ ಬೆಳಕಿನ ಕೆಲಸ ಬಿಡಬೇಡಿ. ಅವಳ ಧಾರಾವಾಹಿಯಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ಬಂದರೆ ಹೋಗಬೇಡಿ, ದುಡ್ಡು ಜಾಸ್ತಿ ಇದ್ದರೂ. ನಿಮ್ಮ ದುಡ್ಡಿನ ಖಾತೆ ನಿಮ್ಮದೇ ಇರಲಿ. ಹಳೆಯ ಸ್ನೇಹಿತರನ್ನು, ಅವಳ ಹೆಸರು ಕೇಳದೆ ನಿಮ್ಮ ಜೊತೆ ಚಹಾ ಕುಡಿಯುವವರನ್ನು, ದೂರ ಮಾಡಿಕೊಳ್ಳಬೇಡಿ. ಬೇಸರ ಆದ ದಿನ ಅದನ್ನು ನುಂಗಿಕೊಳ್ಳದೆ ಅವಳಿಗೆ ಹೇಳಿ. ಅವಳು ನಿಮ್ಮ ಗೆಳತಿ ಮೊದಲು.

ತಿರುಗಾಟ ನಮ್ಮ ಕಡೆಗೂ ಬಂದರೆ ತಿಳಿಸಿ. ಆಟ ಇಲ್ಲದ ದಿನವಾದರೆ ಇಬ್ಬರೂ ನಾಟಕ ನೋಡಲು ಬರುತ್ತೇವೆ. ತಂಡದವರಿಗೆಲ್ಲ ಊಟ ನಮ್ಮ ಮನೆಯಲ್ಲಿ. ಎಷ್ಟು ಜನ ಅಂತ ಎರಡು ದಿನ ಮುಂಚೆ ಹೇಳಿದರೆ ಸಾಕು.